ದೊಡ್ಡವರ ಹೆಸರು ಮೊದಲು

ಆಗಸ್ಟ್ 10, 2008, ಭಾನುವಾರ. ರೌಸ್ ಹಿಲ್

ಬಟ್ಟೆ ಒಣಹಾಕಿದ್ದಾಯಿತು. ಗಾಳಿ ವಿಪರೀತ, ಇವರ ಅಂಗಿಯೊಂದು ಹಾರಿ ಪಕ್ಕದ ಮನೆ ಸೇರಿತು. ರವೆ ಹುರಿಯುತ್ತಿದ್ದಾಗಲೇ ಇಂದ್ರೇಶ್, ಅಜಯ್ ಬಂದರು. ಇಬ್ಬರೂ ನಾರ್ವೆಸ್ಟ್‌ನಲ್ಲಿರುವ ಇವರ ಆಫೀಸಿನವರು, ನಮಗಿಂತ ತುಂಬ ಚಿಕ್ಕವರು. ಇಂದ್ರೇಶನಿಗೆ ಕೌನ್ಸಿಲ್ ಎಲೆಕ್ಷನ್, ಅಂದರೆ ಇಲ್ಲಿನ ನಗರಸಭೆ ಎಲೆಕ್ಷನ್ ಹುಚ್ಚು. ಮುಂದಿನ ತಿಂಗಳು ಓಟು. ಪಾರ್ಟಿ ಇಲ್ಲ, ಸ್ವತಂತ್ರ ಗುಂಪು. ಗುಂಪಿಗೆ ಮೂರು ಹೆಸರು ಬೇಕು. ಕೌನ್ಸಿಲರ್ ಆಗಬೇಕಾದವನು ಅವನು. ಅಜಯ್, ಇವರು ಬರೀ ಲೆಕ್ಕಕ್ಕೆ.

"ಲೆಕ್ಕಕ್ಕೆ ತಾನೇ ರೀ?"

"ಲೆಕ್ಕಕ್ಕೇ ಕಣೇ. ನಂಗ್ಯಾರು ಓಟ್ ಹಾಕ್ತಾರೆ?"

ಕೇಳಲೇಬೇಕಿತ್ತು. ಜನವರಿಗೆ ನಾವು ಮೆಲ್ಬರ್ನ್‌ಗೆ. ಅಲ್ಲಿನ ಕ್ಲೇಟನ್ ಬಡಾವಣೆಯ ಯೂನಿವರ್ಸಿಟಿಯಲ್ಲಿ ನನಗೆ ಲೆಕ್ಚರರ್ ಕೆಲಸ — ನಲವತ್ತೇಳನೇ ವಯಸ್ಸಿನಲ್ಲಿ! ಮದುವೆಯಾದಾಗಿನಿಂದ ಇವರ ಕೆಲಸದ ಹಿಂದೆ ಊರೂರು ಸುತ್ತಿದ್ದೇನೆ. ಪ್ರತಿ ಊರಿನಲ್ಲೂ ಹೊಸ ಲ್ಯಾಬು, ಮತ್ತೆ ಕೆಳಗಿನಿಂದ ಶುರು. "ಈ ಸಲ ನಿನ್ನ ಸರದಿ ಅನು" ಎಂದು ಇವರೇ ಹೇಳಿದ್ದು. ಸೆಪ್ಟೆಂಬರ್ ಕೊನೆಯೊಳಗೆ ಒಪ್ಪಿಗೆ ತಿಳಿಸಿದರೆ ಆಯಿತು.

ಹೆಸರು ಬರೆಯುವಾಗ ದೊಡ್ಡ ನಾಟಕ.

"ಅಂಕಲ್, ನಿಮ್ಮ ಹೆಸ್ರು ಫಸ್ಟ್ ಇರ್ಲಿ."

"ಏಯ್, ನಿಲ್ತಿರೋದು ನೀನಪ್ಪ."

"ದೊಡ್ಡೋರನ್ನ ಕೆಳಗೆ ಹಾಕಿ ನಾನ್ ಮೇಲೆ ಕೂತ್ರೆ ನಮ್ಮಪ್ಪ ಫೋನಲ್ಲೇ ಉಗೀತಾರೆ."

ಕೊನೆಗೆ ಲಗ್ನಪತ್ರಿಕೆಯ ಹಾಗೆ ವಯಸ್ಸಿನ ಪ್ರಕಾರ ಬರೆದರು. ಇವರು, ಅಜಯ್, ಇಂದ್ರೇಶ್. ಎಲ್ಲರಿಗೂ ಸಂತೋಷ. ಉಪ್ಪಿಟ್ಟೂ ಖಾಲಿ.

ಆಗಸ್ಟ್ 20, ಬುಧವಾರ

ದೇವರೇ.

ಇಂದ್ರೇಶ್ ಬಂದ. ಮುಖದಲ್ಲಿ ರಕ್ತವಿಲ್ಲ. ಇಲ್ಲಿ ಹೆಚ್ಚಿನವರು ಒಬ್ಬೊಬ್ಬರ ಹೆಸರು ಹುಡುಕುವ ಗೋಜಿಗೆ ಹೋಗುವುದಿಲ್ಲವಂತೆ. ಚೀಟಿಯ ಮೇಲ್ಗಡೆ ಗುಂಪಿನ ಚೌಕದಲ್ಲಿ ಒಂದು ಎಂದು ಬರೆದು ಹೊರಟುಬಿಡುತ್ತಾರೆ. ಆ ಓಟೆಲ್ಲ ಗುಂಪಿನ ಮೊದಲ ಹೆಸರಿಗೆ. ಮೊದಲ ಹೆಸರು — ಶ್ರೀಪತಿ. ನನ್ನ ಗಂಡ! ನಾಮಿನೇಷನ್ ಮುಗಿದಿದೆ, ಬದಲಾಯಿಸುವ ಹಾಗಿಲ್ಲ.

"ತಪ್ಪಾಯ್ತು ಅಂತ ಹೇಳೋಕಾಗಲ್ವೇನೋ?"

"ಹೇಳ್ದೆ ಆಂಟಿ. ಮತ್ಯಾಕೆ ಹೀಗೆ ಬರೆದ್ರಿ ಅಂದ್ಲು ಎಲೆಕ್ಷನ್ ಆಫೀಸಿನವಳು. ರೆಸ್ಪೆಕ್ಟ್ ಅಂದೆ."

ನಗು ಬಂತು, ಅಳುವೂ ಬಂತು. ಗೆದ್ದರೆ ನಾಲ್ಕು ವರ್ಷ ಇಲ್ಲೇ. ಗೆದ್ದು ಬಿಟ್ಟು ಹೋದರೆ ಮತ್ತೆ ಎಲೆಕ್ಷನ್, ನಮ್ಮ ಜನರನ್ನು ಇನ್ನು ಯಾರೂ ನಂಬುವುದಿಲ್ಲ. "ಗೆಲ್ಲಲ್ಲ ಬಿಡೇ, ಸುಮ್ನೆ ತಲೆ ಕೆಡಿಸ್ಕೋತೀಯ" ಎಂದರು ಇವರು.

ಸೆಪ್ಟೆಂಬರ್ 6, ಶನಿವಾರ

ಬರೆಯಲು ಮನಸ್ಸೇ ಇರಲಿಲ್ಲ.

ಗೆಲ್ಲಲ್ಲ ಎಂದವರು ಬ್ಲೇಜರ್ ತಂದಿದ್ದಾರೆ. ನೇವಿ ಬ್ಲೂ. ಮನೆಮನೆಗೆ ಪಾಂಪ್ಲೆಟ್ ಹಾಕಲು ಹೋದವರು ಹಿಂದಿನ ಬೀದಿಯ ಗ್ರೀಕ್ ಅಜ್ಜನ ಜೊತೆ ಚರಂಡಿ ವಿಷಯ ಮಾತಾಡುತ್ತ ಊಟದ ಹೊತ್ತು ಮೀರಿಸಿದರು. ಆಫೀಸ್ ಮೀಟಿಂಗಿನಲ್ಲಿ ಬಾಯಿ ಬಿಡದ ಮನುಷ್ಯ! ಮುಖದಲ್ಲಿ ಕಳೆ ಬಂದಿದೆ. ನೋಡಿ ಸಂತೋಷಪಡಬೇಕು. ಆಗುತ್ತಿಲ್ಲ, ಹೊಟ್ಟೆ ಉರಿಯುತ್ತದೆ.

ಮೆಲ್ಬರ್ನ್ ಮಾತೆತ್ತಿದೆ. "ಎಲೆಕ್ಷನ್ ಮುಗೀಲಿ, ನೋಡೋಣ" ಎಂದರು.

ನೋಡೋಣ! ಹೋದ ತಿಂಗಳವರೆಗೆ ನಮ್ಮಿಬ್ಬರ ಮಧ್ಯೆ ಈ ನೋಡೋಣ ಇರಲೇ ಇಲ್ಲ.

ಸೆಪ್ಟೆಂಬರ್ 14, ಭಾನುವಾರ ಬೆಳಿಗ್ಗೆ

ಕಾಲು ಇನ್ನೂ ನೋಯುತ್ತಿದೆ. ನಿನ್ನೆ ದಿನವಿಡೀ ಓಟು ನಡೆಯುವ ಸ್ಕೂಲ್ ಗೇಟಿನಲ್ಲಿ ನಿಂತು ಇವರ ಫೋಟೋ ಇರುವ ಕಾಗದ ಹಂಚಿದೆ. ಓಟು ಹಾಕಲು ಬಂದವರಿಗೆ ಮಾರಲು ಸಾಸೇಜ್ ಸುಡುವ ಹೊಗೆ ಸ್ವೆಟರ್‌ಗೆಲ್ಲ ಹತ್ತಿದೆ. ಒಬ್ಬಳು ಮುದುಕಿ ಫೋಟೋ ನೋಡಿ, ಈತ ಒಳ್ಳೆಯವನಾ ಎಂದು ಕೇಳಿದಳು. "ವೆರಿ ಗುಡ್" ಎಂದೆ. ಸುಳ್ಳಲ್ಲವಲ್ಲ, ಅದೇ ಕಷ್ಟ.

ನನ್ನ ಓಟು... ಪೆನ್ಸಿಲ್ ಹಿಡಿದು ನಿಂತೆ. ಬೇರೆಯವರಿಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೈ ಬರಲಿಲ್ಲ. ಇವರಿಗೇ ಹಾಕಿದೆ. ಥೂ, ನನ್ನ ಬುದ್ಧಿಗಿಷ್ಟು!

ನಮ್ಮ ವಾರ್ಡಿಗೆ ಮೂರು ಸೀಟು. ಎರಡು ದೊಡ್ಡ ಪಾರ್ಟಿಗಳಿಗೆ ಹೋದವು. ಮೂರನೆಯದಕ್ಕೆ ಇವರು ಮುಂದಿದ್ದಾರೆ, ಇನ್ನೊಬ್ಬ ಹೆಂಗಸು ಸ್ವಲ್ಪ ಹಿಂದೆ. ಅಂಚೆ ಓಟು ಎಣಿಸುವುದು ಬಾಕಿ. ಫೋನ್ ಒಂದೇ ಸಮ ಬಡಿದುಕೊಳ್ಳುತ್ತಿದೆ. "ಕೌನ್ಸಿಲರ್ ಸಾಹೇಬ್ರು ಇದಾರಾ?" ಅಂತೆ.

ಸೆಪ್ಟೆಂಬರ್ 16, ಮಂಗಳವಾರ

ಊಟ ಸೇರುತ್ತಿಲ್ಲ. ಬೆಳಿಗ್ಗೆ ಇವರು ಫೋನಿನಲ್ಲಿ ಯಾರಿಗೋ "ಇನ್ನೇನು, ನಾಲ್ಕು ವರ್ಷ ಇಲ್ಲೇ ನೋಡಿ" ಎಂದು ನಗುತ್ತಿದ್ದರು. ನಾನು ಹಿಂದೆಯೇ ನಿಂತಿದ್ದು ಗೊತ್ತಿರಲಿಲ್ಲ. ತಿರುಗಿ ನೋಡಿ ನಗು ನಿಲ್ಲಿಸಿದರು.

ಮಧ್ಯಾಹ್ನ ಲ್ಯಾಬಿನಿಂದ ಕ್ಲೇಟನ್‌ಗೆ ಫೋನ್ ಮಾಡಿದೆ. ಡಿಪಾರ್ಟ್‌ಮೆಂಟ್ ಹೆಡ್‌ಗೆ ಹೇಳಿದೆ — ಬರುತ್ತೇನೆ. ಖಂಡಿತ ಬರುತ್ತೇನೆ.

ಇವರು ಗೆದ್ದರೂ, ಒಬ್ಬಳೇ ಆದರೂ. ಫೋನಿಟ್ಟು ಟಾಯ್ಲೆಟ್‌ಗೆ ಹೋಗಿ ಚೆನ್ನಾಗಿ ಅತ್ತೆ. ಮನೆಯಲ್ಲಿ ಹೇಳಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಸೋತರು! ಸೋತರು, ಸೋತರು.

ಅಂಚೆ ಓಟೆಲ್ಲ ಆ ಹೆಂಗಸಿನ ಕಡೆ ಹೋದವು. ಆ ಮಹಾತಾಯಿ ತಣ್ಣಗಿರಲಿ. "ಹೋಯ್ತು ಆಂಟಿ, ಸಾರಿ" ಎಂದು ಇಂದ್ರೇಶ್ ಫೋನ್ ಮಾಡಿದ. "ಅಯ್ಯೋ, ಛೆ" ಎಂದೆ. ಫೋನಿಟ್ಟು, ಅಡುಗೆಮನೆ ಬಾಗಿಲು ಹಾಕಿಕೊಂಡು, ಸೆರಗಿಲ್ಲವಲ್ಲ, ಬಾಯಿಗೆ ಪಾತ್ರೆ ಒರೆಸುವ ಟವೆಲ್ ಒತ್ತಿಕೊಂಡು ನಕ್ಕೆ. ಎದೆಯ ಮೇಲಿನ ರುಬ್ಬುಗುಂಡು ಇಳಿದ ಹಾಗಾಯಿತು. ಹಸಿವಾಯಿತು. ಎರಡು ತಟ್ಟೆ ಮೊಸರನ್ನ ತಿಂದೆ.

ಇವರು ಬಂದು ಶೂ ಬಿಚ್ಚದೆ ಸೋಫಾದಲ್ಲಿ ಕೂತರು. ಪಾಪ, ನಿಜವಾಗಿಯೂ ಪಾಪ ಅನ್ನಿಸಿತು. ಕಾಫಿ ಕೊಟ್ಟೆ.

"ನಿಂಗೆ ಖುಷಿ ಆಗಿದೆ ಅಲ್ವಾ?"

"ಹೂಂ ರೀ. ತುಂಬಾ."

"ಮುಖದಲ್ಲೇ ಕಾಣ್ತಿದೆ ಬಿಡು."

"ಗೆದ್ದಿದ್ರೆ ಬರ್ತಿದ್ರಾ?"

ಲೋಟ ಕೈಯಲ್ಲೇ ತಿರುಗಿಸುತ್ತ ಕೂತರು. "ಗೊತ್ತಿಲ್ಲ ಅನು" ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆಮೇಲೆ, "ಈಗ ಯೋಚನೆ ಮಾಡ್ಬೇಕಾಗಿಲ್ವಲ್ಲ, ಬಚಾವ್" ಎಂದರು. ಇಬ್ಬರೂ ನಕ್ಕೆವು. ಕ್ಲೇಟನ್‌ಗೆ ಫೋನ್ ಮಾಡಿದ್ದು ಬಾಯಿ ತುದಿಯವರೆಗೆ ಬಂತು. ನುಂಗಿಕೊಂಡೆ.

ಅಕ್ಟೋಬರ್ 4, ಶನಿವಾರ. ಕ್ಲೇಟನ್, ಮೋಟೆಲ್

ಬೆಳಿಗ್ಗೆಯಿಂದ ರೆಂಟಿಗೆ ಮನೆ ನೋಡುತ್ತಿದ್ದೇವೆ. ಎಲ್ಲ ಕಡೆ ನಮಗಿಂತ ಮುಂದೆ ಸ್ಟೂಡೆಂಟ್‌ಗಳ ಸಾಲು. ಮೂರನೆಯದು ಚೆನ್ನಾಗಿತ್ತು. ಎರಡು ಬೆಡ್‌ರೂಮು, ಅಡುಗೆಮನೆಗೆ ಬೆಳಕು. ಏಜೆಂಟ್ ಹುಡುಗಿ ಎಷ್ಟು ಜನ ಇರುತ್ತೀರಿ ಎಂದು ಕೇಳಿದಳು.

"ಜಸ್ಟ್ ಮಿ" ಎಂದುಬಿಟ್ಟೆ.

ಯೋಚಿಸಿ ಹೇಳಿದ್ದಲ್ಲ. ಫೋನ್ ಮಾಡಿದ ಆ ಮಂಗಳವಾರದಿಂದ ಮನಸ್ಸಿನಲ್ಲಿ ಹಾಗೇ ಕೂತಿತ್ತೇನೋ. ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡುತ್ತಿದ್ದ ಇವರು ಹಾಗೇ ನಿಂತರು. ನೀರು ಸುರಿಯುತ್ತಲೇ ಇತ್ತು. ಆಮೇಲೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಅವಳಿಗೆ "ಟೂ" ಎಂದರು. "ಟೂ ಪೀಪಲ್."

ಬಸ್ ಸ್ಟಾಪಿನಲ್ಲಿ ಕೇಳಿದರು. "ಬರ್ತೀನಿ ಅಂತ ಯೂನಿವರ್ಸಿಟಿಯವ್ರಿಗೆ ಯಾವಾಗ ಹೇಳ್ದೆ?"

"ಎಣಿಕೆ ಮುಗಿಯೋಕ್ ಮುಂಚೆ."

"ನಾನು ಗೆದ್ರೂ?"

"ಗೆದ್ರೂ."

ಬೈಯುತ್ತಾರೆ ಎಂದುಕೊಂಡೆ. ಬಸ್ಸು ಬಂತು. ಹತ್ತಿದೆವು. ಕಿಟಕಿ ಸೀಟು ನನಗೆ ಬಿಟ್ಟರು. ಬಸ್ಸು ಎಷ್ಟೋ ದೂರ ಹೋಯಿತು. ಆಮೇಲೆ, ಮುಂದಿನ ಸೀಟನ್ನೇ ನೋಡುತ್ತ, ಮೆಲ್ಲಗೆ —

"ಸದ್ಯ, ಸೋತೆ."

ನಾನು ಇವರ ಕೈ ಹಿಡಿದುಕೊಂಡೆ.