ಅತ್ತೆಯ ಸಿಡುಕು ಬಿಟ್ಟುಹೋದ ಪುಸ್ತಕ

ಗದಗ, ಫೆಬ್ರವರಿ ಮೂವತ್ತು, ೨೧೮೬

ಹಿಂದಿನ ಕಾಲದ ಹಿರಿಯರಿಗೆ ನೀಲಗಂಗಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ನೀವು ಮಾಡಿದ ಅನ್ಯಾಯವನ್ನು ನಮ್ಮವರು ಸರಿಪಡಿಸಿದ್ದಾರೆ, ಅಷ್ಟೇ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮದು ಮಡಿಲುಮನೆ. ಹೆತ್ತವರ ಬಳಿ ಸದ್ಯಕ್ಕೆ ಇರಲಾಗದ ಮಕ್ಕಳನ್ನು ಕೆಲವು ಕಾಲ ಸಾಕುವ ಮನೆಗೆ ಇಲ್ಲಿ ಹಾಗೆನ್ನುತ್ತಾರೆ. ಮಗು ಬರುವ ಮೊದಲೇ ನಾವು ಅದಕ್ಕೊಂದು ಎದುರುಪುಸ್ತಕ ಕಳಿಸಬೇಕು. ನೆಂಟರನ್ನು ಎದುರುಗೊಳ್ಳಲು ಮನೆಯವರು ಹೋಗುವಂತೆ ಈ ಚಿತ್ರಪುಸ್ತಕ ಮಗುವಿನ ಬಳಿಗೆ ಮುಂಚಿತವಾಗಿ ಹೋಗುತ್ತದೆ. ಬಾಗಿಲಿನ ಬಣ್ಣ, ಹಾಸಿಗೆಯ ಮೂಲೆ, ಮಾಳಿಗೆಯ ಮೇಲೆ ತಿರುಗುತ್ತ ನಮ್ಮ ಒಲೆ ಉರಿಸುವ ಗಾಳಿಗಿರಕಿ, ಓಣಿಗೆ ತಾನೇ ನಡೆದುಬರುವ ತರಕಾರಿ ಬಂಡಿ, ಮನೆಯ ಮಂದಿ, ಎಲ್ಲವನ್ನೂ ಮನೆಯವರೇ ಕೈಯಾರೆ ಬರೆಯಬೇಕೆಂಬುದು ನಿಯಮ.

ಏಳು ವರ್ಷದ ತುಂಗಾಳಿಗಾಗಿ ನನ್ನ ಗಂಡ ವೀರೇಶ ಪುಸ್ತಕ ಬರೆದರು. ಹೆಣ್ಣು ನೋಡಲು ಬರುವ ದಿನ ಮನೆ ಸಿಂಗರಿಸುತ್ತಾರಲ್ಲ, ಹಾಗೆ ಬರೆದರು. ಚೀರುವ ನಳದ ಚಿತ್ರವನ್ನೇ ಕೈಬಿಟ್ಟರು. ಪ್ರೀತಿಯೋ ಹೆದರಿಕೆಯೋ, ತಮ್ಮ ತಾಯಿ ಬಸಲಿಂಗವ್ವನಿಗೆ ಬಾಯಿತುಂಬ ಹಲ್ಲಿನ ನಗು ಕೊಟ್ಟರು. ನಮ್ಮತ್ತೆಗೆ ಇರುವುದು ಎರಡೇ ಹಲ್ಲು, ನಗುವುದು ಅಪರೂಪಕ್ಕೊಮ್ಮೆ.

ತುಂಗಾ ಬಂದಾಗ ಬಾಗಿಲು ತೆರೆದವರು ಅತ್ತೆಯೇ. ಹುಡುಗಿ ಪುಸ್ತಕ ನೋಡಿದಳು, ಅವರ ಮುಖ ನೋಡಿದಳು, ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಇದು ಆ ಮನಿ ಅಲ್ರೀ."

ಹಿಂದೆ ಎರಡು ಮನೆಯವರು ಸಿಹಿಮಾತಾಡಿ ಕರೆದುಕೊಂಡು ಹೋಗಿ, ಆಮೇಲೆ ಅವಳನ್ನು ವಾಪಸು ಕಳಿಸಿದ್ದರು. ಮಗು ತಾನಾಗಿ ಹೊಸ್ತಿಲು ದಾಟದಿದ್ದರೆ ಕರೆತಂದವರು ಸಂಜೆಗೆ ಮತ್ತೊಂದು ಮನೆಗೆ ಒಯ್ಯುತ್ತಾರೆ.

ಅತ್ತೆ ಪುಸ್ತಕ ಕಸಿದು ನೋಡಿದರು. "ಯಾರಾಕಿ ಈಕಿ? ನಾ ಯಾವಾಗ ಹಿಂಗ ಹಲ್ಲು ಕಿಸದೀನಿ?" ಎಂದು ಮಗನನ್ನು ಗದರಿ, ಪೆನ್ಸಿಲ್ ತರಿಸಿಕೊಂಡು ಹುಡುಗಿಯ ಪಕ್ಕ ಕೂತರು. ಬಾಯಿಯನ್ನು ಕೆಳಕ್ಕೆ ಬಾಗಿಸಿ ತಿದ್ದಿದರು. ತುಂಗಾ ಚಿತ್ರವನ್ನು ಅವರ ಮುಖದ ಪಕ್ಕ ಹಿಡಿದಳು.

"ಹುಬ್ಬು ಇನ್ನಾ ಗಂಟು ಹಾಕ್ಯಾವ್ರಿ."

"ಹಂಗಂದ್ರ ನೀನ ಬರಿ."

ಅವಳು ಬರೆದಳು. ಅಷ್ಟರಲ್ಲಿ ಒಳಗಿನಿಂದ ಕಿರುಚಿದ ಸದ್ದು ಕೇಳಿ ಬೆಚ್ಚಿದಳು.

"ನಳ ಅದು," ಎಂದರು ಅತ್ತೆ. "ನನಗಿಂತ ಜೋರ ಒದರತೈತಿ. ಅದನ್ನೂ ಬರಿ."

"ನೋಡಲಾರದ ಹೆಂಗ ಬರೀಲ್ರೀ?" ಎಂದ ತುಂಗಾ ಚಪ್ಪಲಿ ಬಿಟ್ಟು ಒಳಗೆ ನಡೆದಳು.

ಅದಾಗಿ ಎರಡು ವರ್ಷವಾಯಿತು. ಕಾಯಿಲೆ ಬಿದ್ದಿದ್ದ ಅವಳ ತಾಯಿ ಈಗ ಗುಣಮುಖಳಾಗಿದ್ದಾಳೆ. ತುಂಗಾ ನಾಳೆ ಅವಳ ಬಳಿಗೆ ಹೋಗುತ್ತಾಳೆ. ನನಗೆ ಸಂತೋಷವಾಗಿದೆ, ಆದರೂ ಅವಳ ಬಟ್ಟೆಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಮಡಚಿಡುತ್ತಿದ್ದೇನೆ. ನಿಮ್ಮಲ್ಲಿ ಒಂದೇ ಕೋರಿಕೆ. ಇಂಥ ಮಕ್ಕಳಿಗೆ ಚಿತ್ರಪುಸ್ತಕ ಮಾಡುವಾಗ ಸಿಡುಕಿನ ಅಜ್ಜಿಯರನ್ನೂ ಸೋರುವ ಸೂರನ್ನೂ ಬಿಡಬೇಡಿ. ಆ ಮಕ್ಕಳು ಅದನ್ನೆಲ್ಲ ನೋಡಿಯೇ ಬಂದಿರುತ್ತಾರೆ.

ಇನ್ನು ಮುಗಿಸುತ್ತೇನೆ. ಬೆಳಗಿನಿಂದ ತುಂಗಾ ತನ್ನ ತಾಯಿಯ ಮನೆಯ ಎದುರುಪುಸ್ತಕ ಬರೆಯುತ್ತಿದ್ದಾಳೆ, ನಮ್ಮತ್ತೆಗಾಗಿ. ಅತ್ತೆ ಪಕ್ಕದಲ್ಲೇ ಕೂತು, "ನನ್ನ ಹಾಸಿಗಿ ಎಲ್ಲಿ ಐತಿ, ಅದನ್ನ ಮೊದಲ ಬರಿ," ಎಂದು ಜಬರಿಸುತ್ತಿದ್ದಾರೆ.