ಒಂದು ಚುಕ್ಕೆಯ ವಿಷಯ

ಅಕ್ಕಾ,

ರಾತ್ರಿ ಎರಡು ಗಂಟೆ. ಪಾಪು ನಿದ್ದೆಗಣ್ಣಲ್ಲೇ ಗಿಲಕಿಯನ್ನು ತೊಟ್ಟಿಲ ಕಂಬಿಗೆ ಟಣ್ ಎಂದು ಬಡಿದ ಸದ್ದಿಗೆ ಎಚ್ಚರವಾಯಿತು. ಎದ್ದವಳಿಗೆ ಮೊದಲು ನೆನಪಾದದ್ದು ಕಾರ್ಖಾನೆಯಲ್ಲಿ ಬರೆದುಕೊಟ್ಟ ಹಾಗೆ ತಾನೇ ಉಕ್ಕು ಕೊರೆಯುವ ನಿನ್ನ ಸಿಎನ್‌ಸಿ ಯಂತ್ರ.

ಬಾಣಂತನ ಮುಗಿಸಿ ಕೆಲಸಕ್ಕೆ ಬಂದ ಮೇಲೆ ನಾನು ಬರೆದ ಮೊದಲ ಪ್ರೋಗ್ರಾಮನ್ನು ಈ ರಾತ್ರಿ ಪಾಳಿಯಲ್ಲಿ ಓಡಿಸುವವಳು ನೀನೇ. ಕೊರೆದಾದ ಮೇಲೆ ಕಟರ್ ಐವತ್ತು ಮಿಲಿಮೀಟರ್ ಮೇಲೇಳಬೇಕು. ಆ ಐವತ್ತರ ಪಕ್ಕದಲ್ಲಿ ದಶಮಾಂಶದ ಚುಕ್ಕೆ ಇಟ್ಟೆನೋ ಬಿಟ್ಟೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಚುಕ್ಕೆ ಇಲ್ಲದಿದ್ದರೆ ಯಂತ್ರ ಐವತ್ತನ್ನು ಮಿಲಿಮೀಟರಿನ ಸಾವಿರದ ಪಾಲುಗಳೆಂದು ಓದುತ್ತದೆ; ಕಟರ್ ಕೂದಲೆಳೆಯಷ್ಟೇ ಮೇಲೆದ್ದು, ಪಕ್ಕಕ್ಕೆ ಧಾವಿಸಿ, ಉಕ್ಕನ್ನು ಹಿಡಿದಿಟ್ಟ ಕ್ಲ್ಯಾಂಪಿಗೆ ಗುದ್ದಿ ಚೂರಾಗಿ ಸಿಡಿಯುತ್ತದೆ.

"ಒಂದು ಚುಕ್ಕೆಗೆ ಇಷ್ಟು ರಾದ್ಧಾಂತವಾ? ಮಷೀನಿಗೆ ಅಷ್ಟೂ ಗೊತ್ತಾಗಲ್ವಾ?" ಅಂದರು ಇವರು. ಗೊತ್ತಾಗುವುದಿಲ್ಲ, ಅದೇ ಅದರ ದೊಡ್ಡತನ ಅಂದೆ. ಗಟ್ಟಿ ಉಕ್ಕಿನಲ್ಲಿ ಪಾಪುವಿನ ಕಿವಿಯಂಥ ಬಾಗು ಕೆತ್ತುವಾಗಲೂ ಹೇಳಿದ್ದಕ್ಕಿಂತ ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಟರನ್ನು ತಣ್ಣಗಿಡುವ ಕೂಲಂಟು ಹಾಲಿನ ಹಾಗೆ ಸುರಿಯುವುದನ್ನು ನೋಡುತ್ತ ನಾನು ಊಟ ಮರೆತದ್ದುಂಟು. ನನ್ನ ಮಾತನ್ನು ಅಷ್ಟು ನಂಬುವವರು ಈ ಮನೆಯಲ್ಲಂತೂ ಯಾರೂ ಇಲ್ಲ!

ಕಾರ್ಖಾನೆಯೊಳಗೆ ಮೊಬೈಲ್ ಬಿಡುವುದಿಲ್ಲವಲ್ಲ, ಅದಕ್ಕೇ ಈ ಚೀಟಿಯನ್ನು ಇವರ ಕೈಯಲ್ಲಿ ಗೇಟಿಗೆ ಕಳಿಸುತ್ತಿದ್ದೇನೆ. ಪ್ರೋಗ್ರಾಮ್ ಓಡಿಸಬೇಡ, ಓಡುತ್ತಿದ್ದರೆ ನಿಲ್ಲಿಸಿ, ಪರದೆಯ ಮೇಲೆ ಆ ಸಾಲು ನೋಡು. ಯಂತ್ರದ ಗಾಜಿನ ಬಾಗಿಲಿಗೆ ಮುಖ ಒತ್ತಿ ನಿಲ್ಲುವ ನಿನ್ನ ಚಾಳಿ ಇವತ್ತೊಂದು ದಿನ ಬೇಡ.

ಚುಕ್ಕೆ ಇದ್ದರೆ ನಗು, ಇಲ್ಲದಿದ್ದರೆ ಬಾಯಿ ತುಂಬ ಬಯ್ಯಿ. ಆದರೆ ದಮ್ಮಯ್ಯ, ಬೆಳಗಾಗುವ ಮೊದಲು ವಾಚ್‌ಮನ್ ಫೋನಿನಿಂದ ಒಂದು ಕರೆ ಮಾಡು. ಫೋನಿನ ಸದ್ದಿಗೆ ಪಾಪು ಎದ್ದರೆ ಏಳಲಿ.

ನಿದ್ದೆಗೆಟ್ಟ
ನಿನ್ನ ತಂಗಿ