ಬೇಸ್‌ಬಾಲಿನ ಎದುರು ಗಾಳಿ

ಭಾವ, ಕ್ಷೇಮ ಸಮಾಚಾರ ಆಮೇಲೆ, ಮೊದಲು ನನ್ನ ಸಿಟ್ಟು ಕೇಳಿ.

ಈ ಪರದೇಶದ ಅಕ್ಸ್‌ಬ್ರಿಡ್ಜಲ್ಲಿ ನಾನು ಬಡಿಸುವ ಹೋಟ್ಲಿಗೆ ಬರುವ ಕಾಲೇಜು ಹುಡುಗರು ಬೇಸ್‌ಬಾಲಿಗೆ ಜನ ಕಮ್ಮಿ ಅಂತ ನನ್ನ ಕರ್ಕೊಂಡು ಹೋದ್ರು. ಚೆನ್ನಾಗಿ ಹೊಡೆದ್ರೆ ಟೀಮಲ್ಲಿ ಕಾಯಂ ಅಂದ ಕ್ಯಾಪ್ಟನ್ ಶಿಶಿರ್. ಯಾವ ಮಂಡೆ ಸಮ ಇಲ್ಲದವ ಆ ಮೈದಾನ ಮಾಡಿದ್ನೋ, ಬ್ಯಾಟ್ ಹಿಡಿದವನ ಮುಖಕ್ಕೇ ಗಾಳಿ! ಎತ್ತಿ ಹೊಡೆದದ್ದೆಲ್ಲ ವಾಪಸ್ ಬಂದು ಕ್ಯಾಚ್. ನೀವು ಕ್ರಿಕೆಟಲ್ಲಿ ಕಲಿಸಿದ ಹಾಗೆ ನಾನು ಚೆಂಡನ್ನು ತಲೆ ಮೇಲಿಂದ ಹಿಂದಕ್ಕೆ ಎತ್ತಿದೆ. ಗಾಳಿಗೆ ಬೇಲಿ ದಾಟಿ ರಸ್ತೆಗೆ ಬಿತ್ತು. ಸಿಕ್ಸರ್ ಅಂತ ಕುಣಿದೆ.

"ಹಿಂದೆ ಹೋದ್ರೆ ಫೌಲ್ ಮಾರಾಯ!" ಅಂದ ಶಿಶಿರ್.

"ಹಾಗಾದ್ರೆ ಮೈದಾನ ತಿರುಗಿಸು" ಅಂದೆ. ಟೀಮಿಂದ ತೆಗೆದೇ ಬಿಟ್ಟ.

ಗಾಳಿಗೆ ಕಿವಿ ನೋವುಂಟು, ಅಕ್ಕನಿಗೆ ಹೇಳ್ಬೇಡಿ. ನಾಳೆ ಆ ಶಿಶಿರ್ ದೋಸೆ ತಿನ್ಲಿಕ್ಕೆ ಬರ್ತಾನಲ್ಲ, ಅವನ ದೋಸೆಯನ್ನು ಅವನ ಹಿಂದಿನ ಟೇಬಲ್ಲಿಗೆ ಬಡಿಸ್ತೇನೆ. ಕೇಳಿದ್ರೆ ಗಾಳಿಗೆ ಹಿಂದೆ ಹೋಯ್ತು ಅಂತೇನೆ.

ಕಾರ್ಡಲ್ಲಿ ಜಾಗ ಮುಗೀತು,
ಉದಯ